ತೆರ್ಸಿಯೊ ಚೌಕ ರಣರಂಗದಲ್ಲಿ ನಿಲ್ಲುತ್ತಿದ್ದದ್ದು ಹೇಗೆ? ರೊಕ್ರುವಾದಲ್ಲೇ ಎಲ್ಲ ಮುಗಿಯಿತಾ?

ಕೋಟೆಕೊತ್ತಲ:
ಸ್ಪೇನಿನ ತೆರ್ಸಿಯೊ ಕಾಲಾಳುಪಡೆಯ ಬಗ್ಗೆ ಎಲ್ಲಿ ನೋಡಿದರೂ ಒಂದೇ ಕಥೆ. 1503ರಲ್ಲಿ ಇಟಲಿಯ ಚೆರಿನ್ಯೋಲಾ ಕಾಳಗದಿಂದ ಶುರುವಾಗಿ ಒಂದೂವರೆ ಶತಮಾನ ಯಾರಿಗೂ ಬಗ್ಗದ ಪಡೆ, 1643ರಲ್ಲಿ ಫ್ರಾನ್ಸಿನ ರೊಕ್ರುವಾದಲ್ಲಿ ಒಂದೇ ಬೆಳಗ್ಗೆ ನಾಶ. ಇದು ನನಗೆ ಒಪ್ಪಿಗೆಯಾಗುತ್ತಿಲ್ಲ. ಗೊತ್ತಿರುವವರು ಎರಡು ವಿಷಯ ಬಿಡಿಸಿ ಹೇಳಿ. ಚಿತ್ರಗಳಲ್ಲಿ ಮೂರು ಸಾವಿರ ಜನ ಒಂದೇ ಮುದ್ದೆಯಾಗಿ ನಿಂತಿರುತ್ತಾರಲ್ಲ, ಅದು ನಿಜವಾ? ನಿಜವಾದರೆ ನಡುವೆ ಇದ್ದವನಿಗೆ ಕೆಲಸ ಏನಿತ್ತು? ಎರಡನೆಯದು, ಅಷ್ಟು ಗಟ್ಟಿ ಪಡೆ ಒಂದೇ ಕಾಳಗದಲ್ಲಿ ಮುಗಿದುಹೋಗಲು ಸಾಧ್ಯವಾ?

ಮದ್ದಿನಮನೆ:
ಮೊದಲು ಇಸವಿ ಸರಿ ಮಾಡಿಕೊಳ್ಳೋಣ. 1503ರಲ್ಲಿ ತೆರ್ಸಿಯೊ ಅನ್ನೋದೇ ಇರಲಿಲ್ಲ. ಚೆರಿನ್ಯೋಲಾದಲ್ಲಿ ಗೆದ್ದದ್ದು ಗೊನ್ಸಾಲೊ ಫೆರ್ನಾಂಡೆಸ್ ದೆ ಕೊರ್ದೊಬಾ, 'ಗ್ರಾನ್ ಕ್ಯಾಪಿಟಾನ್' ಅಂತ ಕರೆಯುತ್ತಾರಲ್ಲ ಅವನು. ಕಂದಕ ತೋಡಿ, ಹಿಂದೆ ಬತ್ತಿ ಕೋವಿಯವರನ್ನು ನಿಲ್ಲಿಸಿ ಫ್ರೆಂಚ್ ಕುದುರೆಪಡೆಯನ್ನೂ ಸ್ವಿಸ್ ಭರ್ಜಿಯವರನ್ನೂ ಒಡೆದ. ತೆರ್ಸಿಯೊಗೆ ಮೊದಲು ಇದ್ದದ್ದು 'ಕೊರೊನೆಲಿಯಾ' ತುಕಡಿಗಳು. ತೆರ್ಸಿಯೊ ಅನ್ನುವ ಹೆಸರು ಕಾಗದದ ಮೇಲೆ ಬಂದದ್ದು 1536ರಲ್ಲಿ, ಐದನೇ ಚಾರ್ಲ್ಸ್ ಜಿನೋವಾದಲ್ಲಿ ಹೊರಡಿಸಿದ ಆಜ್ಞೆಯಲ್ಲಿ.

ಹಳೇ_ನಕ್ಷೆ:
ಕೋಟೆಕೊತ್ತಲ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸರಳ: ತೆರ್ಸಿಯೊ ಅಂದರೆ ರಣರಂಗದ ಚೌಕ ಅಲ್ಲವೇ ಅಲ್ಲ. ಅದು ಆಡಳಿತದ ಘಟಕ. ಸಂಬಳ, ಹಾಜರಿ ಪಟ್ಟಿ, ಬಿಡದಿ, ಶಿಸ್ತು ಎಲ್ಲ ತೆರ್ಸಿಯೊ ಹೆಸರಲ್ಲಿ ನಡೆಯುತ್ತಿತ್ತು. ಕಾಳಗಕ್ಕೆ ನಿಲ್ಲುವ ಗುಂಪಿಗೆ 'ಎಸ್ಕ್ವಾದ್ರೋನ್' ಅಂತ ಬೇರೆ ಹೆಸರು. ಎರಡು ಮೂರು ತೆರ್ಸಿಯೊಗಳ ಭರ್ಜಿಯವರನ್ನು ಸೇರಿಸಿ ಒಂದು ಎಸ್ಕ್ವಾದ್ರೋನ್ ಮಾಡಬಹುದು, ಒಂದೇ ತೆರ್ಸಿಯೊವನ್ನು ಒಡೆದು ಎರಡು ಮಾಡಬಹುದು.

ಕಾಗದದ ಲೆಕ್ಕ ಹೀಗೆ. ಇಟಲಿಯಲ್ಲಿ 300 ಜನರ 10 ಕಂಪನಿ. ಎಂಟು ಪೈಕ್ (ಉದ್ದ ಭರ್ಜಿ) ಕಂಪನಿ, ಎರಡು ಕೋವಿ ಕಂಪನಿ. ಫ್ಲಾಂಡರ್ಸ್‌ನಲ್ಲಿ (ಆಗ ಸ್ಪೇನ್ ಆಳುತ್ತಿದ್ದ, ಈಗಿನ ಬೆಲ್ಜಿಯಂ ಕಡೆಯ ನಾಡು) 250 ಜನರ 12 ಕಂಪನಿ. ಎರಡು ಕಡೆಯೂ ಒಂದು ತೆರ್ಸಿಯೊಗೆ 3,000. ಆದರೆ ಅಷ್ಟು ಜನ ಇದ್ದ ತೆರ್ಸಿಯೊ ಸಿಗುವುದೇ ಅಪರೂಪ. ರೋಗ, ಓಡಿಹೋದವರು, ಕಾವಲು ಕೋಟೆಗಳಿಗೆ ಹಂಚಿದವರು, ಎಲ್ಲ ಕಳೆದರೆ ಸಾವಿರ, ಒಂದೂವರೆ ಸಾವಿರ ಉಳಿಯುತ್ತಿತ್ತು. ಪೈಕ್ ಕಂಪನಿಗಳಲ್ಲೂ ಒಂದಷ್ಟು ಕೋವಿಯವರು ಇರುತ್ತಿದ್ದರು, ಹಾಗಾಗಿ 'ಎಂಟು ಪಾಲು ಭರ್ಜಿ' ಅನ್ನುವುದೂ ತಪ್ಪು ಲೆಕ್ಕ.

ತೆರ್ಸಿಯೊದ ಮುಖ್ಯಸ್ಥ 'ಮಾಯೆಸ್ತ್ರೆ ದೆ ಕಾಂಪೊ'. ಅವನ ಕೈಕೆಳಗೆ 'ಸಾರ್ಜೆಂತೊ ಮಯೋರ್'. ಇಡೀ ಪಡೆ ನಿಂತಿದ್ದದ್ದು ಈ ಎರಡನೆಯವನ ಮೇಲೆ.

ಲೆಕ್ಕದ_ಮೇಷ್ಟ್ರು:
ಹಳೇ ನಕ್ಷೆಯವರು ಹೇಳಿದ ಸಾರ್ಜೆಂತೊ ಮಯೋರ್ ಕೆಲಸ ಅರ್ಥವಾಗಬೇಕಾದರೆ ಕೈಯಲ್ಲಿ ಪೆನ್ನು ಹಿಡಿಯಿರಿ.

ಸಾಲಿನಲ್ಲಿ ನಿಂತ ಒಬ್ಬ ಭರ್ಜಿಯವನಿಗೆ ಅಗಲಕ್ಕೆ 3 ಅಡಿ, ಹಿಂದೆಮುಂದೆ 7 ಅಡಿ ಜಾಗ ಬೇಕು. (ಅಂದಿನ ಸ್ಪೇನಿನ ಅಡಿ, ಸುಮಾರು 28 ಸೆಂಟಿಮೀಟರ್.) ಈಗ 1,200 ಭರ್ಜಿಯವರು ಇದ್ದಾರೆ ಅಂದುಕೊಳ್ಳಿ.

'ಆಳುಗಳ ಚೌಕ' ಬೇಕಾದರೆ 1,200ರ ವರ್ಗಮೂಲ ತೆಗೆಯಿರಿ: 34 ಮತ್ತು ಚಿಲ್ಲರೆ. 34 ಸಾಲು, ಸಾಲಿಗೆ 34 ಆಳು, 1,156 ಜನ. 44 ಜನ ಮಿಕ್ಕಿದರು. ಇದು ಎಣಿಕೆಯಲ್ಲಿ ಚೌಕ, ನೆಲದ ಮೇಲೆ ಚೌಕ ಅಲ್ಲ. ಅಗಲ 102 ಅಡಿ, ಉದ್ದ 238 ಅಡಿ. ಎದುರಿಗೆ ಸಣ್ಣ ಮುಖ, ಹಿಂದೆ ದೊಡ್ಡ ಬಾಲ.

'ನೆಲದ ಚೌಕ' ಬೇಕಾದರೆ 1,200ನ್ನು 7ರಿಂದ ಗುಣಿಸಿ 3ರಿಂದ ಭಾಗಿಸಿ: 2,800. ಅದರ ವರ್ಗಮೂಲ 52 ಮತ್ತು ಚಿಲ್ಲರೆ. ಮುಂದಿನ ಸಾಲಿಗೆ 52 ಆಳು. 1,200ನ್ನು 52ರಿಂದ ಭಾಗಿಸಿದರೆ 23 ಸಾಲು. ಒಟ್ಟು 1,196, ಮಿಕ್ಕಿದ್ದು ನಾಲ್ಕೇ ಜನ. ಅಗಲ 156 ಅಡಿ, ಉದ್ದ 161 ಅಡಿ. ಈಗ ನೆಲದ ಅಳತೆಯಲ್ಲಿ ನಾಲ್ಕೂ ಬದಿ ಹೆಚ್ಚುಕಡಿಮೆ ಸಮ.

ಇದನ್ನು ವೈರಿ ಕಣ್ಣಿಗೆ ಬೀಳುವಷ್ಟು ಹತ್ತಿರ ಇರುವಾಗ, ಬೆಳಗ್ಗೆ ಎಷ್ಟು ಜನ ಹಾಜರಿದ್ದಾರೋ ಅಷ್ಟಕ್ಕೆ, ನಿಂತಲ್ಲೇ ಮಾಡಬೇಕು. ಅದಕ್ಕೇ ಸಾರ್ಜೆಂತೊ ಮಯೋರ್‌ಗಳು ವರ್ಗಮೂಲದ ಪಟ್ಟಿ ಜೇಬಲ್ಲಿ ಇಟ್ಟುಕೊಂಡಿರುತ್ತಿದ್ದರು. ಲೆಕ್ಕ ತಪ್ಪಿದರೆ ಹಿಂದಿನ ಸಾಲು ಅರ್ಧಕ್ಕೆ ನಿಂತು ಮೂಲೆ ಖಾಲಿ ಬೀಳುತ್ತದೆ. ಕುದುರೆ ನುಗ್ಗುವುದು ಆ ಮೂಲೆಯಿಂದಲೇ.

ಕೋಟೆಕೊತ್ತಲ:
ಮೇಷ್ಟ್ರೇ, ಅದ್ಭುತ. ಮಿಕ್ಕಿದ ನಾಲ್ಕು ಜನ, ನಲವತ್ತನಾಲ್ಕು ಜನ ಎಲ್ಲಿಗೆ ಹೋಗುತ್ತಿದ್ದರು?

ಲೆಕ್ಕದ_ಮೇಷ್ಟ್ರು:
ಬಾವುಟದ ಹತ್ತಿರ, ಇಲ್ಲವೇ ಸಾಮಾನು ಗಾಡಿಗಳ ಕಾವಲಿಗೆ. ಯಾರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ.

ಗಂಡುಮೆಟ್ಟಿನ_ನಾಡು:
ನಡುವ ನಿಂತವ್ನಿಗೆ ಕೆಲಸ ಏನ್ ಅಂತ ಕೇಳೀರಿ. ಕೆಲಸ ಭಾಳ ಐತ್ರಿ. ಪೈಕಿನ ಉದ್ದ 25ರಿಂದ 27 ಪಾಲ್ಮೊ, ಅಂದ್ರ ಐದೂಕಾಲು ಮೀಟರಿನ ಮ್ಯಾಲೇ. ಆಶ್ ಮರದ ಕೋಲು, ತುದಿಗೆ ಸಣ್ಣ ಉಕ್ಕಿನ ಮೊನೆ, ಮೊನೆಯಿಂದ ಕೆಳಗ ಎರಡೂ ಬದಿ ಕಬ್ಬಿಣದ ಪಟ್ಟಿ. ಆ ಪಟ್ಟಿ ಇಲ್ಲಂದ್ರ ಒಂದ ಕತ್ತಿ ಏಟಿಗೆ ಮೊನೆ ಹಾರಿ ಹೋಗ್ತದ. ಅಷ್ಟು ಉದ್ದ ಇರೋದ್ರಿಂದ ಮುಂದಿನ ನಾಕೈದು ಸಾಲಿನ ಮೊನೆ ಒಟ್ಟಿಗೇ ಹೊರಗ ಬರ್ತಾವ. ಹಿಂದಿನವ್ರು ಪೈಕ್ ಮ್ಯಾಲಕ್ಕ ಎತ್ತಿ ಹಿಡೀತಾರ, ಮುಂದಿನವ ಬಿದ್ರ ಹೆಜ್ಜೆ ಮುಂದಿಟ್ಟು ಆ ಜಾಗ ತುಂಬ್ತಾರ. ಮುಂದಿನ ಸಾಲು ಹಿಂದಕ್ಕ ಸರೀಲಿಕ್ಕೆ ಬಿಡದಿರೋದೂ ಅವ್ರ ಕೆಲಸಾನ.

ಇನ್ನೊಂದು. ಮುಂದಿನ ಸಾಲಿನವ್ರು 'ಕೊಸೆಲೆತೆ', ಅಂದ್ರ ಎದೆಕವಚ, ಬೆನ್ನುಕವಚ, ಕುತ್ತಿಗೆ ಪಟ್ಟಿ, ತೊಡೆಗಾಪು, ಶಿರಸ್ತ್ರಾಣ ಎಲ್ಲಾ ಹಾಕ್ಕೊಂಡವ್ರು. ಒಳಗಿನವ್ರು 'ಪಿಕಾ ಸೇಕಾ', ಕವಚ ಇಲ್ದವ್ರು. ಸಂಬಳದಾಗೂ ಫರಕ್ ಐತಿ: ಪಿಕಾ ಸೇಕಾಗ ತಿಂಗಳಿಗೆ 3 ಎಸ್ಕೂದೊ, ಕವಚದವಗ 4, ಮಸ್ಕೆಟ್ (ಭಾರೀ ಕೋವಿ) ಹಿಡದವಗ 6.

ತಪ್ಪೋದು ಎಲ್ಲಿ ಅಂದ್ರ, ದಿನಾ ಹೊತ್ತು ನಡದು ಬ್ಯಾಸತ್ತ ಸಿಪಾಯಿ ಪೈಕಿನ ಬುಡ ಕೊಯ್ದು ಸಣ್ಣದ ಮಾಡ್ಕೊಂಡಬಿಡ್ತಿದ್ದ. ಕಾಳಗದಾಗ ಎದುರಿನವ್ನ ಪೈಕ್ ಒಂದು ಮೊಳ ಉದ್ದ ಇದ್ರ ಮೊದಲ ಚುಚ್ಚೋದು ಅವನ. ಅದಕ್ಕ ಅಧಿಕಾರಿಗಳು ಆಗಿಂದಾಗ ಪೈಕ್ ಅಳೀತಿದ್ರು.

ಮದ್ದಿನಮನೆ:
ಪೈಕ್ ಬಗ್ಗೆ ಇಷ್ಟು ಮಾತಾಡಿ ಕೋವಿ ಬಿಟ್ಟರೆ ತೆರ್ಸಿಯೊ ಅರ್ಧವೇ ಅರ್ಥವಾಗುತ್ತದೆ. ಪೈಕ್ ಚೌಕ ಇದ್ದದ್ದು ಕೋವಿಯವರಿಗೆ ಕೋಟೆಯಾಗಿ. ವೈರಿಯನ್ನು ಕೊಲ್ಲುತ್ತಿದ್ದದ್ದು ಹೆಚ್ಚಾಗಿ ಕೋವಿ. ಚೌಕಕ್ಕೆ ಅಂಟಿಕೊಂಡು ನಿಂತ ಕೋವಿಯವರು 'ಗ್ವಾರ್ನಿಸಿಯೋನ್'. ಮೂರ್ನಾಲ್ಕು ಸಾಲಿಗಿಂತ ಹೆಚ್ಚು ನಿಲ್ಲಿಸುವಂತಿಲ್ಲ, ಏಕೆಂದರೆ ಹಿಂದಿನಿಂದ ಚಾಚಿದ ಪೈಕ್ ಅಷ್ಟು ದೂರಕ್ಕೆ ಮಾತ್ರ ನೆರಳು ಕೊಡುತ್ತದೆ. ಮೂಲೆಗಳಲ್ಲಿ 200–300 ಜನರ 'ಮಾಂಗಾ' ಗುಂಪುಗಳು. ಇವು ಮುಂದೆ ಹೋಗಿ ಹೊಡೆಯುತ್ತವೆ, ಕುದುರೆ ಬಂದರೆ ಚೌಕದ ಬದಿಗೆ ಓಡಿ ಬರುತ್ತವೆ.

1567ರಲ್ಲಿ ಸ್ಪೇನಿನ ಸೇನಾಪತಿ ಆಲ್ಬಾ ಡ್ಯೂಕ್ ಫ್ಲಾಂಡರ್ಸ್‌ಗೆ ಹೊರಟಾಗ ಕಂಪನಿಗೆ 15 ಮಸ್ಕೆಟ್ ಸೇರಿಸಿದ. ಅದು ಎಷ್ಟು ಭಾರ ಅಂದರೆ ಕವೆಗೋಲಿನ ಮೇಲೆ ಇಟ್ಟೇ ಹೊಡೆಯಬೇಕು. ಆದರೆ ಹಗುರ ಕೋವಿಯಾದ ಆರ್ಕ್ವಿಬಸ್‌ನ ಗುಂಡು ನಿಲ್ಲಿಸುವ ಕವಚವನ್ನು ಇದು ತೂತು ಮಾಡುತ್ತಿತ್ತು.

ಒಂದು ಗುಂಡು ಹಾರಿಸುವ ಕ್ರಮ: ಮೊದಲು ಉರಿಯುವ ಬತ್ತಿಯನ್ನು ಕೊಕ್ಕೆಯಿಂದ ಬಿಡಿಸಿ ಎಡಗೈ ಬೆರಳ ಸಂದಿಗೆ ಸಿಕ್ಕಿಸಿಕೊಳ್ಳಬೇಕು. ಕಿವಿಬಟ್ಟಲಿಗೆ (ನಳಿಗೆಯ ಬದಿಯ ತೂತಿಗೆ ಅಂಟಿದ ಪುಟ್ಟ ಬಟ್ಟಲು) ನುಣುಪು ಮದ್ದು ಹಾಕಿ ಮುಚ್ಚಳ ಮುಚ್ಚಿ, ಹೊರಗೆ ಉದುರಿದ ಪುಡಿ ಊದಿ ತೆಗೆಯಬೇಕು. ಆಮೇಲೆ ನಳಿಗೆಗೆ ಮದ್ದು, ಗುಂಡು, ನಾರಿನ ಉಂಡೆ. ಗಜದಿಂದ ಜಡಿದು ಗಜ ವಾಪಸ್ ಇಡಬೇಕು. ಬತ್ತಿ ಮತ್ತೆ ಕೊಕ್ಕೆಗೆ, ಅದು ನೇರ ಬಟ್ಟಲಿಗೇ ಬೀಳುತ್ತದಾ ಅಂತ ಪರೀಕ್ಷೆ, ಬೂದಿ ಊದುವುದು, ಮುಚ್ಚಳ ತೆಗೆಯುವುದು, ಹೊಡೆಯುವುದು. ಇದಕ್ಕೆಲ್ಲ ಸುಮಾರು ಒಂದು ನಿಮಿಷ ಬೇಕು.

ಕೆಡುವುದು ಹೇಗೆ? ಕಿವಿತೂತು ಕಟ್ಟಿಕೊಂಡರೆ ಬಟ್ಟಲು ಮಾತ್ರ ಉರಿದು ಗುಂಡು ಹಾರುವುದಿಲ್ಲ. ಬತ್ತಿ ಜಾಸ್ತಿ ಚಾಚಿದ್ದರೆ ಬಟ್ಟಲು ದಾಟಿ ಹೋಗುತ್ತದೆ, ಕಡಿಮೆ ಇದ್ದರೆ ತಲುಪುವುದಿಲ್ಲ. ಮರದ ಗಜ ಮಳೆಗೆ ಉಬ್ಬಿ ಹೊರಗೇ ಬರುವುದಿಲ್ಲ. ಎಲ್ಲಕ್ಕಿಂತ ಅಪಾಯ, ಪಕ್ಕದವನ ಉರಿಯುವ ಬತ್ತಿ ನಿಮ್ಮ ಮದ್ದಿನ ಬುರುಡೆಗೆ ತಾಕುವುದು. ಬತ್ತಿ ಗಂಟೆಗೆ ಸುಮಾರು ಅರ್ಧ ಗೇಣು ಉರಿಯುತ್ತದೆ, ಎರಡೂ ತುದಿ ಹೊತ್ತಿಸಿರುತ್ತಿದ್ದರು. ಇಡೀ ದಿನ ಕಾದು ನಿಂತರೆ ಸಾವಿರ ಜನರ ಬತ್ತಿಗೆ ಎಷ್ಟು ಗಾಡಿ ನಾರು ಬೇಕಾಗುತ್ತಿತ್ತು ಯೋಚಿಸಿ.

ಕಡಲತಡಿ:
ಬತ್ತಿಯ ಕಿಡಿ ರಾತ್ರಿ ದೂರಕ್ಕೆ ಕಾಣ್ತದೆ, ಅದು ಇನ್ನೊಂದು ಸಮಸ್ಯೆ ಮಾರಾಯ್ರೆ. ಅದಕ್ಕೇ 'ಎನ್‌ಕಮಿಸಾದಾ' ಅಂತ ರಾತ್ರಿ ದಾಳಿಯಲ್ಲಿ ಹೆಚ್ಚಾಗಿ ಕತ್ತಿ ಕಠಾರಿಯೇ ಬಳಕೆ. ನಮ್ಮವ ಯಾರು ಅಂತ ಗುರುತಿಸ್ಲಿಕ್ಕೆ ಕವಚದ ಮೇಲೆ ಬಿಳಿ ಅಂಗಿ ಹಾಕ್ತಿದ್ದರು. 1572ರ ಸೆಪ್ಟೆಂಬರಿನಲ್ಲಿ ಮೋನ್ಸ್ ಹತ್ತಿರ ಸ್ಪೇನಿನ ಹುಲಿಯಾನ್ ರೊಮೇರೊ ಹೀಗೆ, ಸ್ಪೇನಿನ ವಿರುದ್ಧ ಬಂಡೆದ್ದ ಡಚ್ಚರ ನಾಯಕ ವಿಲಿಯಂ ಆಫ್ ಆರೆಂಜ್‌ನ ಪಾಳೆಯಕ್ಕೆ ನುಗ್ಗಿದ. ಡೇರೆಯಲ್ಲಿ ಮಲಗಿದ್ದ ವಿಲಿಯಂನನ್ನು ಅವನ ನಾಯಿ ಬೊಗಳಿ ಎಬ್ಬಿಸಿತು, ಅವ ತಪ್ಪಿಸಿಕೊಂಡ ಅಂತ ಹೇಳ್ತಾರೆ. ಡೆಲ್ಫ್ಟ್‌ನಲ್ಲಿರುವ ಅವನ ಸಮಾಧಿಯಲ್ಲಿ ಕಾಲ ಬಳಿ ನಾಯಿ ಕೆತ್ತಿದ್ದು ಉಂಟು.

ಅದೇ ವರ್ಷ ಅಕ್ಟೋಬರಿನಲ್ಲಿ ಸ್ಪೇನಿನ ಕೈಯಲ್ಲಿದ್ದ ಹೂಸ್ ಪಟ್ಟಣಕ್ಕೆ ಬಂಡುಕೋರರ ಮುತ್ತಿಗೆ ಬಿದ್ದಿತ್ತು. ಮೊಂದ್ರಾಗೋನ್ ಅನ್ನುವವ ಸುಮಾರು 3,000 ಜನರನ್ನು ರಾತ್ರಿ ಇಳಿತದ ಹೊತ್ತಿಗೆ ಸಮುದ್ರದೊಳಗೇ ನಡೆಸಿಕೊಂಡು ಹೋದ. ನೀರು ಎದೆಮಟ್ಟ, ಕೆಳಗೆ ಕೆಸರು. ಮದ್ದು, ಬತ್ತಿ, ಬಿಸ್ಕತ್ತಿನ ಚೀಲ ನೆನೆಯದ ಹಾಗೆ ಎತ್ತಿ ಹಿಡಿದು ಸುಮಾರು ಐದು ಗಂಟೆ ನಡಿಗೆ. ಭರತ ಬರುವ ಮೊದಲು ದಾಟದಿದ್ದರೆ ಎಲ್ಲರೂ ಮುಳುಗುವವರೇ. ಸತ್ತದ್ದು ಒಂಬತ್ತೇ ಜನ. ಮುತ್ತಿಗೆ ಹಾಕಿದವರು ಇವರನ್ನು ಕಂಡದ್ದೇ ಹಡಗು ಹತ್ತಲು ಓಡಿದರು. ಇದು ಬರೀ ಕವಾಯತಿನಿಂದ ಬರುವ ಧೈರ್ಯ ಅಲ್ಲ.

ಸುಮ_ಬರಹ:
ಧೈರ್ಯದ ಮಾತು ಸಾಕು ಅನಿಸುತ್ತಿದೆ. 1576ರ ನವೆಂಬರ್ 4ರಂದು ಆಂಟ್ವರ್ಪ್‌ನಲ್ಲಿ ಇದೇ ಧೀರರು ಏನು ಮಾಡಿದರು? ಯುರೋಪಿನ ದೊಡ್ಡ ವ್ಯಾಪಾರದ ಊರನ್ನು ಲೂಟಿ ಮಾಡಿ, ಪುರಭವನ ಸುಟ್ಟು, ಸಾವಿರಾರು ಜನರನ್ನು ಕೊಂದರು. ನಾಲ್ಕೇ ದಿನಕ್ಕೆ, ನವೆಂಬರ್ 8ರಂದು, ಪರಸ್ಪರ ಆಗದಿದ್ದ ನೆದರ್ಲೆಂಡ್ಸ್ ಪ್ರಾಂತ್ಯಗಳು ಗೆಂಟ್‌ನಲ್ಲಿ ಒಂದಾಗಿ ಸ್ಪೇನಿನ ಸೈನಿಕರನ್ನು ಹೊರಹಾಕುವ ಒಪ್ಪಂದ ಮಾಡಿಕೊಂಡವು. ಹತ್ತು ಗೆಲುವಿನಲ್ಲಿ ಗಳಿಸಿದ್ದನ್ನು ಒಂದು ದಿನದಲ್ಲಿ ಕಳೆದರು. ಈ ಪಡೆಯ ಚರಿತ್ರೆ ಬರೆಯುವವರು ಇದನ್ನು ಅಡಿಟಿಪ್ಪಣಿ ಮಾಡಬಾರದು.

ಗಂಡುಮೆಟ್ಟಿನ_ನಾಡು:
ಮೇಡಂ, ಒಪ್ಪಿದೆ. ಆದ್ರ ಯಾಕ್ ಮಾಡಿದ್ರು ಅನ್ನೋದೂ ಬರೀಬೇಕಲ್ರಿ. ಎರಡನೇ ಫಿಲಿಪ್ 1575ರಾಗ ದಿವಾಳಿ ಘೋಷಣೆ ಮಾಡಿದ. ಸಾಲ ಕೊಡೋ ಜಿನೋವಾದ ಸಾಹುಕಾರ್ರು ಕೈ ಎತ್ತಿದ್ರು, ಫ್ಲಾಂಡರ್ಸ್‌ಗೆ ರೊಕ್ಕ ಹೋಗೋದ ನಿಂತು. ವರ್ಷಗಟ್ಟಲೆ ಸಂಬಳ ಇಲ್ಲ.

ಸುಮ_ಬರಹ:
ಸಂಬಳ ಬಾಕಿ ಇಟ್ಟದ್ದು ರಾಜ. ಸತ್ತವರು ಆಂಟ್ವರ್ಪ್‌ನ ಜನ. ಕಾರಣ ಬೇರೆ, ಸಮರ್ಥನೆ ಬೇರೆ.

ಹಳೇ_ನಕ್ಷೆ:
ಸುಮ ಅವರ ಮಾತು ನೂರಕ್ಕೆ ನೂರು ಸರಿ. ಅದರ ಜೊತೆಗೆ ದಂಗೆಯ ವ್ಯವಸ್ಥೆ ಹೇಗಿತ್ತು ಅನ್ನುವುದನ್ನೂ ನೋಡಬೇಕು, ಏಕೆಂದರೆ ಅದು ಈ ಪಡೆಯ ಒಳಗುಟ್ಟು. 1572ರಿಂದ 1607ರವರೆಗೆ ಫ್ಲಾಂಡರ್ಸ್ ಸೈನ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂಗೆ ಆದವು. ಸಿಪಾಯಿಗಳು ಅಧಿಕಾರಿಗಳನ್ನು ಹೊರಗೆ ಕಳಿಸಿ, ವೃತ್ತವಾಗಿ ಸೇರಿ ತಮ್ಮಲ್ಲೇ ಒಬ್ಬನನ್ನು 'ಎಲೆಕ್ತೊ' ಎಂದು ಆರಿಸುತ್ತಿದ್ದರು. ಅವನಿಗೆ ಒಂದು ಸಲಹಾ ಮಂಡಳಿ. ಅವನು ಸರಕಾರದವರ ಜೊತೆ ಗುಟ್ಟಾಗಿ ಮಾತಾಡುವಂತಿಲ್ಲ. ಒಂದು ಊರು ಹಿಡಿದು, ಸುತ್ತಲಿನ ಹಳ್ಳಿಗಳಿಂದ ಕಂದಾಯ ಎತ್ತಿ, ಬಾಕಿ ಲೆಕ್ಕ ಚುಕ್ತಾ ಆಗುವವರೆಗೆ ಕೂರುತ್ತಿದ್ದರು. ಒಳಗಿನ ಶಿಸ್ತು ಮಾಮೂಲಿಗಿಂತ ಬಿಗಿ.

1574ರ ಏಪ್ರಿಲ್‌ನಲ್ಲಿ ಮೋಕ್‌ನಲ್ಲಿ ಗೆದ್ದ ಮರುಕ್ಷಣವೇ ದಂಗೆ ಎದ್ದರು; ಮೂರು ವರ್ಷಕ್ಕೆ ಹತ್ತಿರದ ಬಾಕಿ ಇತ್ತು. ಗೆಲುವಿನ ಲಾಭ ಪೂರ್ತಿ ಮಣ್ಣುಪಾಲು. ಹೂಖ್‌ಸ್ಟ್ರಾಟೆನ್ ದಂಗೆ 1602ರಿಂದ 1605ರವರೆಗೆ ಎಳೆಯಿತು. ತೆರ್ಸಿಯೊಗಳನ್ನು ವೈರಿಯ ಫಿರಂಗಿಗಿಂತ ಹೆಚ್ಚು ಸವೆಸಿದ್ದು ಖಾಲಿ ಖಜಾನೆ. ಇದೇ ನನ್ನ ವಾದ.

ಕಡಲತಡಿ:
ಒಂದು ಅಡ್ಡ ಪ್ರಶ್ನೆ. 1580ರಿಂದ 1640ರವರೆಗೆ ಪೋರ್ಚುಗಲ್‌ಗೂ ಸ್ಪೇನಿಗೂ ಒಬ್ಬನೇ ರಾಜ ಅಲ್ವಾ? ಆಗ ಹೊನ್ನಾವರ, ಬಸ್ರೂರು ಕೋಟೆ ಪೋರ್ಚುಗೀಸರ ಕೈಯಲ್ಲಿತ್ತು. ತೆರ್ಸಿಯೊದವರು ನಮ್ಮ ಕರಾವಳಿಗೆ ಬಂದದ್ದು ಉಂಟಾ?

ಹಳೇ_ನಕ್ಷೆ:
ಇಲ್ಲ ಸಾರ್. 1581ರಲ್ಲಿ ತೊಮಾರ್‌ನಲ್ಲಿ ಫಿಲಿಪ್ ಕೊಟ್ಟ ಮಾತೇ ಪೋರ್ಚುಗಲ್ ಸಾಮ್ರಾಜ್ಯದ ಹುದ್ದೆಗಳು ಪೋರ್ಚುಗೀಸರಿಗೇ ಎಂದು. 1569ರಲ್ಲಿ ವೈಸ್‌ರಾಯ್ ಲೂಯಿಸ್ ದೆ ಅತಾಯ್ದೆ ಹಿಡಿದ ಆ ಕೋಟೆಗಳ ಕಾವಲು ಗೋವಾದ ಆಡಳಿತದ್ದೇ ಆಗಿತ್ತು. 1650ರ ದಶಕದಲ್ಲಿ ಕೆಳದಿ ಶಿವಪ್ಪ ನಾಯಕ ಅವನ್ನು ಕಿತ್ತುಕೊಳ್ಳುವ ಹೊತ್ತಿಗೆ ಪೋರ್ಚುಗಲ್ ಸ್ಪೇನಿನಿಂದ ಬೇರೆಯಾಗಿ ಹತ್ತು ವರ್ಷ ದಾಟಿತ್ತು.

ಈಗ ಮೂಲ ವಿಷಯಕ್ಕೆ. ಸ್ಪೇನಿನಿಂದ ಫ್ಲಾಂಡರ್ಸ್‌ಗೆ ಆಳು ಕಳಿಸುವುದೇ ದೊಡ್ಡ ಕೆಲಸ. ಸಮುದ್ರದಲ್ಲಿ ಡಚ್ಚರು, ಇಂಗ್ಲಿಷರು. ಹಾಗಾಗಿ ಹಡಗಲ್ಲಿ ಇಟಲಿಗೆ, ಮಿಲಾನ್‌ನಿಂದ ಕಾಲ್ನಡಿಗೆಯಲ್ಲಿ ಸವಾಯ್, ಮೋಂಟ್ ಸೆನಿಸ್ ಕಣಿವೆದಾರಿ, ಫ್ರಾಂಶ್ ಕೊಂಟೆ, ಲೊರೇನ್, ಲಕ್ಸೆಂಬರ್ಗ್. ಸುಮಾರು ಸಾವಿರ ಕಿಲೋಮೀಟರ್, ಸಾಮಾನ್ಯವಾಗಿ ಏಳು ವಾರ. 1578ರಲ್ಲಿ ಒಂದು ಪಡೆ 32 ದಿನದಲ್ಲಿ ಮುಟ್ಟಿತು. ಆಲ್ಬಾ ತನ್ನ ಪಯಣಕ್ಕೆ ಮೊದಲೇ ಒಬ್ಬ ಎಂಜಿನಿಯರ್, ದಾರಿಯ ನಕ್ಷೆ ಬರೆಯಲು ಒಬ್ಬ ಚಿತ್ರಕಾರ, ಘಟ್ಟದ ದಾರಿ ಅಗಲ ಮಾಡಲು 300 ಕೆಲಸಗಾರರನ್ನು ಕಳಿಸಿದ. ಸುಮಾರು 10,000 ಜನ ಮೂರು ಭಾಗವಾಗಿ, ಒಂದೊಂದು ದಿನದ ಅಂತರದಲ್ಲಿ ನಡೆದರು. ಒಂದೇ ಊರಿನ ಮೇಲೆ ಎಲ್ಲರ ಊಟ ಬೀಳಬಾರದಲ್ಲ. ಮುಂದಿನ ತಂಗುದಾಣದಲ್ಲಿ ರೊಟ್ಟಿ ಎಷ್ಟು, ಮಾಂಸ ಎಷ್ಟು, ವೈನ್ ಎಷ್ಟು, ಹಾಸಿಗೆ ಎಷ್ಟು ಅನ್ನುವ ಕರಾರು ಮುಂಚೆಯೇ ಆಗಿರುತ್ತಿತ್ತು. ನೆಲದ ದಾರಿ ಕಡಿದುಹೋದದ್ದು 1638ರ ಡಿಸೆಂಬರ್‌ನಲ್ಲಿ ಬ್ರೈಸಾಖ್ ಕೋಟೆ ಬಿದ್ದಾಗ. ಮರುವರ್ಷ ಡೌನ್ಸ್‌ನಲ್ಲಿ ಡಚ್ ನೌಕಾಪತಿ ಟ್ರೊಂಪ್ ಸಮುದ್ರದ ದಾರಿಯನ್ನೂ ಮುಚ್ಚಿದ. 1640ರಲ್ಲಿ ಕೆಟಲೋನಿಯಾ, ಪೋರ್ಚುಗಲ್ ಎರಡೂ ಬಂಡೆದ್ದವು. ರೊಕ್ರುವಾಕ್ಕೆ ಮೊದಲೇ ಹಗ್ಗ ಹರಿದಿತ್ತು.

ಮದ್ದಿನಮನೆ:
ಹಗ್ಗ ಹರಿದಿತ್ತು ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. 1642ರ ಮೇ 26ರಂದು ಹೊನ್‌ಕೂರ್‌ನಲ್ಲಿ ರೊಕ್ರುವಾದಲ್ಲಿ ಸ್ಪೇನಿನ ಸೇನಾಪತಿಯಾಗಿದ್ದ ಫ್ರಾನ್ಸಿಸ್ಕೊ ದೆ ಮೆಲೊನೇ ಫ್ರೆಂಚರನ್ನು ಪುಡಿಗಟ್ಟಿದ್ದ. ಆ ಧೈರ್ಯದಲ್ಲೇ ರೊಕ್ರುವಾಕ್ಕೆ ಮುತ್ತಿಗೆ ಹಾಕಿದ್ದು.

1643ರ ಮೇ 19ರ ಕಾಳಗ ನೋಡಿ. ಸ್ಪೇನಿನವರು ಕಾಡಿನಲ್ಲಿ ಅಡಗಿಸಿಟ್ಟ ಕೋವಿಯವರ ಸುದ್ದಿ ಫ್ರೆಂಚರಿಗೆ ಮೊದಲೇ ಸಿಕ್ಕಿ ಅವರು ನಾಶವಾದರು. ಸ್ಪೇನಿನ ಬಲಬದಿಯಲ್ಲಿ ಐಸೆನ್‌ಬುರ್ಗ್‌ನ ಕುದುರೆಪಡೆ ಗೆದ್ದು ಫ್ರೆಂಚ್ ಫಿರಂಗಿಗಳನ್ನೂ ಹಿಡಿಯಿತು. ಎಡಬದಿಯಲ್ಲಿ ಆಲ್ಬುಕೆರ್ಕೆಯ ಕುದುರೆಪಡೆ ಸೋತಿತು. ಫ್ರೆಂಚ್ ಸೇನಾಪತಿ, 21 ವರ್ಷದ ಆಂಗ್ಯಾಂ ಡ್ಯೂಕ್ ಆ ಬಿರುಕಿನಿಂದ ನುಗ್ಗಿ, ಸ್ಪೇನಿನ ಸೇನೆಯ ಬೆನ್ನ ಹಿಂದೆ ಹಾದು, ಗೆಲ್ಲುತ್ತಿದ್ದ ಐಸೆನ್‌ಬುರ್ಗ್‌ನ ಮೇಲೆ ಬಿದ್ದ. ಕಾಳಗ ಅಲ್ಲೇ ತೀರ್ಮಾನವಾಯಿತು. ಸ್ಪೇನಿನ ಸೇನೆಯಲ್ಲಿದ್ದ ವಾಲೂನರು (ಈಗಿನ ಬೆಲ್ಜಿಯಂನ ಫ್ರೆಂಚ್ ಮಾತಿನವರು), ಜರ್ಮನರು ಚದುರಿದರು, ಇಟಲಿಯವರು ಸಾಲು ಮುರಿಯದೆ ಹಿಂದೆ ಸರಿದರು. ಸ್ಪೇನಿನ ಐದು ತೆರ್ಸಿಯೊ ಸುತ್ತಲೂ ವೈರಿ ಇಟ್ಟುಕೊಂಡು ನಿಂತವು. ಕೀಲುನೋವಿನಿಂದ ನಡೆಯಲಾಗದೆ ಕುರ್ಚಿಯಲ್ಲಿ ಹೊತ್ತು ತಂದಿದ್ದ ಕಾಲಾಳುಪಡೆಯ ನಾಯಕ ಫೊಂತೇನ್ ಅಲ್ಲೇ ಸತ್ತ. ದಾಳಿ ಮೇಲೆ ದಾಳಿ ತಡೆದರು. ಕೊನೆಗೆ ಫಿರಂಗಿ ತಂದು ನಿಲ್ಲಿಸಿದ ಮೇಲೆ, ಕೋಟೆ ಒಪ್ಪಿಸುವಾಗಿನ ಷರತ್ತುಗಳನ್ನೇ ಮೈದಾನದಲ್ಲಿ ನಿಂತ ಚೌಕಕ್ಕೂ ಕೊಟ್ಟರು. ಸ್ಪೇನಿನವರ ನೆರವಿಗೆ ಬೆಕ್‌ನ ತಾಜಾ ಪಡೆ ಬರುವ ದಾರಿಯಲ್ಲೇ ಇತ್ತು.

ಹಾಗಾಗಿ 'ಹಳೆಯ ಪೈಕ್ ಚೌಕ, ಹೊಸ ಫಿರಂಗಿಗೆ ಸೋತಿತು' ಅನ್ನುವುದು ಸುಳ್ಳು. ಸೋತದ್ದು ಕುದುರೆಪಡೆ.

ಸುಮ_ಬರಹ:
ಇದಕ್ಕೆ ನನ್ನದೂ ಒಂದು ಸೇರ್ಪಡೆ. ರೊಕ್ರುವಾ ಗೆದ್ದ ಆಂಗ್ಯಾಂ ಡ್ಯೂಕನೇ ಮುಂದೆ ಕೊಂಡೆ ಎನಿಸಿಕೊಂಡು, ತನ್ನ ರಾಜನ ಮೇಲೆ ತಿರುಗಿಬಿದ್ದು, ಸ್ಪೇನಿನ ಪರ ಸೇರಿದ. 1653ರಲ್ಲಿ ಅದೇ ರೊಕ್ರುವಾವನ್ನು ಸ್ಪೇನಿಗಾಗಿ ಗೆದ್ದುಕೊಟ್ಟ! 1652ರಲ್ಲಿ ಡಂಕರ್ಕ್, ಬಾರ್ಸೆಲೋನಾ ಎರಡೂ ಸ್ಪೇನಿನ ಕೈಗೆ ವಾಪಸ್ ಬಂದಿದ್ದವು. 1656ರ ಜುಲೈನಲ್ಲಿ ವಾಲೆನ್ಸಿಯೆನ್‌ನಲ್ಲಿ ಫ್ರಾನ್ಸಿನ ಹೆಸರಾಂತ ಸೇನಾಪತಿ ತ್ಯುರೆನ್‌ನಂಥವನ ಸೇನೆಯೇ ಸೋತಿತು. ನಿಜವಾದ ಪೆಟ್ಟು ಬಿದ್ದದ್ದು 1658ರ ಜೂನ್ 14, ಡಂಕರ್ಕ್ ಬಳಿಯ ಮರಳದಿಬ್ಬಗಳಲ್ಲಿ. ಆ ದಿನ ಸ್ಪೇನಿನ ಫಿರಂಗಿಗಳು ಬಂದೇ ಇರಲಿಲ್ಲ, ಎದುರಿಗೆ ಫ್ರೆಂಚರ ಜೊತೆ ಕ್ರಾಮ್‌ವೆಲ್‌ನ ಇಂಗ್ಲಿಷ್ ಪಡೆ. ಮರುವರ್ಷ ಪಿರನೀಸ್ ಒಪ್ಪಂದ.

ಲೆಕ್ಕದ_ಮೇಷ್ಟ್ರು:
ಸಂಘಟನೆಯಾಗಿ ತೆರ್ಸಿಯೊ ಮುಗಿದದ್ದು 1704ರಲ್ಲಿ. ಐದನೇ ಫಿಲಿಪ್ ಫ್ರೆಂಚ್ ಮಾದರಿಯ ರೆಜಿಮೆಂಟ್ ಮಾಡಿದ. ಬಂದೂಕಿನ ತುದಿಗೇ ಬಯೊನೆಟ್ ಬಂದ ಮೇಲೆ ಪೈಕ್ ಬೇರೆ ಯಾಕೆ? 3 ಅಡಿ, 7 ಅಡಿಯ ಲೆಕ್ಕವೂ ಅದರ ಜೊತೆ ಹೋಯಿತು.

ಕೋಟೆಕೊತ್ತಲ:
ಹಾಗಾದರೆ ಈಗಿನ ಸ್ಪ್ಯಾನಿಷ್ ಲೀಜನ್‌ನಲ್ಲಿ 'ತೆರ್ಸಿಯೊ' ಅಂತ ಇರುವುದು?

ಗಂಡುಮೆಟ್ಟಿನ_ನಾಡು:
ಹೆಸರು ಮಾತ್ರ ಹಳೇದು ಸಾಹೇಬ್ರ. ಲೀಜನ್ ಹುಟ್ಟಿದ್ದು 1920ರಾಗ, ಮಿಲ್ಯಾನ್ ಆಸ್ತ್ರಾಯ್ ಕಟ್ಟಿದ್ದು, ಮೊರಾಕ್ಕೋ ಯುದ್ಧಕ್ಕಂತ. ಅದರ ನಾಕು ತೆರ್ಸಿಯೊಗಳಿಗೆ ಹಳೇ ಸೇನಾಪತಿಗಳ ಹೆಸರಿಟ್ಟಾರ: ಮೆಲಿಲ್ಯಾದಾಗ ಗ್ರಾನ್ ಕ್ಯಾಪಿಟಾನ್, ಸೆವುತಾದಾಗ ಆಲ್ಬಾ ಡ್ಯೂಕ್, ಆಲ್ಮೆರಿಯಾ ಕಡೆ ದೊನ್ ಹುವಾನ್ ದೆ ಆಸ್ತ್ರಿಯಾ, ರೊಂಡಾದಾಗ ಅಲೆಹಾಂದ್ರೊ ಫಾರ್ನೆಸಿಯೊ.

ಹಳೇ_ನಕ್ಷೆ:
ಹಳೆಯ ಪಡೆಯ ವಾರಸುದಾರಿಕೆ ಹುಡುಕುವವರು ಲೀಜನ್ ಬಿಟ್ಟು ಮಾಮೂಲಿ ಕಾಲಾಳು ರೆಜಿಮೆಂಟ್‌ಗಳ ಕಡೆ ನೋಡಬೇಕು. ಸ್ಯಾನ್ ಸೆಬಾಸ್ಟಿಯನ್‌ನಲ್ಲಿರುವ 67ನೇ ರೆಜಿಮೆಂಟ್‌ನ ಹೆಸರೇ 'ತೆರ್ಸಿಯೊ ವಿಯೆಹೊ ದೆ ಸಿಸಿಲಿಯಾ'. 1536ರ ಆಜ್ಞೆಯಲ್ಲಿ ನೇಪಲ್ಸ್, ಲೊಂಬಾರ್ಡಿ ಜೊತೆಗೆ ಬರುವ ಸಿಸಿಲಿಯ ತೆರ್ಸಿಯೊ ತಮ್ಮ ಮೂಲ ಅಂತ ಅವರು ಹೇಳಿಕೊಳ್ಳುತ್ತಾರೆ.